ಕಾಲೇಜಿನ ನಕಲಿ ಶೇರು ಸ್ಪರ್ಧೆಯಿಂದ ನಿಜಕ್ಕೂ ಏನು ಕಲಿತಿರಿ?

ಕೊನೆಬೆಂಚು:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹಣಕಾಸು ಕ್ಲಬ್ಬಿನಲ್ಲಿ ಈ ಸೆಮಿಸ್ಟರ್ ನಕಲಿ ಪೋರ್ಟ್‌ಫೋಲಿಯೋ ಸ್ಪರ್ಧೆ ನಡೆಸಿದೆವು. ಮೂವರ ತಂಡ, ಹತ್ತು ವಾರ, ಪ್ರತಿ ತಂಡಕ್ಕೂ ಹತ್ತು ಲಕ್ಷ ನಕಲಿ ದುಡ್ಡು. ಮಾರುಕಟ್ಟೆಯ ಬೆಲೆ ನಿಜ, ದುಡ್ಡು ಮಾತ್ರ ಸುಳ್ಳು. ಕೊನೆಗೆ ಯಾರ ಖಾತೆಯಲ್ಲಿ ಜಾಸ್ತಿ ಇದೆಯೋ ಅವರಿಗೆ ಬಹುಮಾನ.

ಗೆದ್ದ ತಂಡದ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ಒಂದೇ ಶೇರು. ಯಾರೂ ಹೆಸರು ಕೇಳಿರದ ಪುಟ್ಟ ಕಂಪನಿ. ಇದ್ದಬದ್ದ ದುಡ್ಡೆಲ್ಲ ಅದಕ್ಕೇ ಸುರಿದಿದ್ದಾರೆ, ಅದು ಏರಿದೆ, ಇವರು ಗೆದ್ದಿದ್ದಾರೆ. ಬಹುಮಾನ ಕೊಡುವಾಗ ‘ನಿಮ್ಮ ತಂತ್ರ ಏನು’ ಎಂದು ಕೇಳಿದರೆ ‘ನಂಬಿಕೆ’ ಅಂದರು. ಭರ್ಜರಿ ಚಪ್ಪಾಳೆ. ಬ್ಯಾಲೆನ್ಸ್ ಶೀಟ್ ಓದಿ, ಬೇರೆ ಬೇರೆ ಕ್ಷೇತ್ರದ ಕಂಪನಿ ಆರಿಸಿ, ಅಲ್ಲಾಡದೆ ಕೂತಿದ್ದ ಇನ್ನೊಂದು ತಂಡ ಪಟ್ಟಿಯ ಮಧ್ಯದಲ್ಲೆಲ್ಲೋ ಬಂತು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಮುಂದಿನ ಬ್ಯಾಚಿಗೆ ಇದನ್ನು ನಡೆಸಬೇಕೋ ಬೇಡವೋ ಅಂತ ಈಗ ಜಗಳ. ಇಂಥದ್ದನ್ನು ಆಡಿದವರು, ನಡೆಸಿದವರು ಹೇಳಿ. ನೀವು ಇದರಿಂದ ಏನು ಕಲಿತಿರಿ? ‘ಮಾರುಕಟ್ಟೆ ಬಗ್ಗೆ ಅರಿವು ಬಂತು’ ಅನ್ನೋ ಥರ ಬೇಡ, ಅದು ವರದಿಯಲ್ಲಿ ಬರೆದಾಗಿದೆ.

ಗುಣಾಕಾರ:
ತಂಡ ಎಷ್ಟಿದ್ದವು?

ಕೊನೆಬೆಂಚು:
ಅರವತ್ತರ ಆಸುಪಾಸು.

ಗುಣಾಕಾರ:
ಹಾಗಾದರೆ ಇದರಲ್ಲಿ ಆಶ್ಚರ್ಯ ಏನಿದೆ? 64 ಜನರನ್ನು ನಿಲ್ಲಿಸಿ ನಾಣ್ಯ ಚಿಮ್ಮಿಸಿ. ಸತತ ಆರು ಸಲ ತಲೆ ಬೀಳಿಸುವವನು ಸರಾಸರಿ ಒಬ್ಬ ಸಿಗುತ್ತಾನೆ. ಅವನನ್ನು ಕರೆದು ‘ನಿಮ್ಮ ತಂತ್ರ ಏನು’ ಅಂತ ಕೇಳಿದರೆ ಅವನೂ ‘ನಂಬಿಕೆ’ ಅಂತಲೇ ಹೇಳುತ್ತಾನೆ. ಅದೇ ರೀತಿ ಒಂದೇ ಶೇರಿಗೆ ಸುರಿದ ಬೇರೆ ತಂಡಗಳು ಎಷ್ಟಿದ್ದವು, ಅವು ಪಟ್ಟಿಯಲ್ಲಿ ಎಲ್ಲಿದ್ದವು? ಅದನ್ನು ಮೊದಲು ನೋಡಿ.

ಕೊನೆಬೆಂಚು:
ಈಗಷ್ಟೇ ನೋಡಿದೆ. ಕೊನೆಯ ಐದರಲ್ಲಿ ನಾಲ್ಕು ತಂಡ ಅದನ್ನೇ ಮಾಡಿವೆ. ಶೇರು ಮಾತ್ರ ಬೇರೆ ಬೇರೆ.

ಗುಣಾಕಾರ:
ಸಿಕ್ಕಿತಲ್ಲ ಉತ್ತರ. ಆ ನಾಲ್ಕು ತಂಡಗಳನ್ನೂ ಕರೆದು ಮಾತಾಡಿಸಬೇಕಿತ್ತು.

ಮಿಂಚುಹುಳ:
ಸ್ವಲ್ಪ ನಿಲ್ಲಿ. ನಾನೂ ಇಂಥ ಸ್ಪರ್ಧೆ ಗೆದ್ದ ತಂಡದಲ್ಲಿ ಇದ್ದವಳು. ನಮ್ಮದು ಎರಡು ಶೇರು. ಎಲ್ಲರೂ ಅದೃಷ್ಟ ಅದೃಷ್ಟ ಅಂತ ಮೂಗು ಮುರಿಯುತ್ತಾರೆ. ಆದರೆ ನಾವು ಮಾಡಿದ್ದು ಪೂರ್ತಿ ಲೆಕ್ಕಾಚಾರ. ಮೊದಲನೆಯವರಿಗೆ ಬಹುಮಾನ, ಎರಡನೆಯವರಿಗೂ ಅರವತ್ತನೆಯವರಿಗೂ ಸೊನ್ನೆ. ಹತ್ತು ವಾರದಲ್ಲಿ ಅರವತ್ತು ತಂಡದ ತಲೆ ಮೇಲೆ ಹೋಗಬೇಕು. ಇಪ್ಪತ್ತು ಒಳ್ಳೆ ಕಂಪನಿ ಇಟ್ಟುಕೊಂಡರೆ ಸರಾಸರಿ ಬರುತ್ತದೆ, ಸರಾಸರಿ ಬಂದರೆ ಸೋಲು ಖಾತ್ರಿ. ಕಳೆದುಕೊಳ್ಳಲು ಏನೂ ಇಲ್ಲದಾಗ ಅತಿ ಹೆಚ್ಚು ಕುಣಿಯುವ ಶೇರು ಹಿಡಿಯುವುದೇ ಸರಿಯಾದ ಆಟ. ನಿಯಮ ಹಾಗಿತ್ತು, ನಾವು ಹಾಗೆ ಆಡಿದೆವು. ತಪ್ಪು ನಿಯಮ ಬರೆದವರದ್ದು, ನಮ್ಮದಲ್ಲ.

ಗುಣಾಕಾರ:
ಒಪ್ಪಿದೆ ಅಕ್ಕಾ. ಇದು ನನ್ನ ಮಾತಿಗಿಂತ ಚೆನ್ನಾಗಿದೆ.

ಹಳೇಕೊಡೆ:
ಮಿಂಚುಹುಳ ಹೇಳಿದ್ದು ವಿದ್ಯಾರ್ಥಿಗಳಿಗಷ್ಟೇ ಅಲ್ಲ. ಬ್ರೌನ್, ಹಾರ್ಲೋ, ಸ್ಟಾರ್ಕ್ಸ್ ಅನ್ನುವ ಮೂವರು 1996ರಲ್ಲಿ ಮ್ಯೂಚುವಲ್ ಫಂಡ್ ಮ್ಯಾನೇಜರುಗಳ ಬಗ್ಗೆ ಬರೆದರು. ಅರ್ಧ ವರ್ಷ ಮುಗಿದಾಗ ಹಿಂದೆ ಬಿದ್ದವರು ಉಳಿದರ್ಧದಲ್ಲಿ ಮುಂದಿದ್ದವರಿಗಿಂತ ಹೆಚ್ಚು ರಿಸ್ಕ್ ಏರಿಸುತ್ತಾರೆ ಅಂತ. ಸಂಬಳ ತಗೊಂಡು, ಬೇರೆಯವರ ನಿಜವಾದ ದುಡ್ಡು ಇಟ್ಟುಕೊಂಡು ಕೂತವರೇ ಹೀಗೆ. ಹುಡುಗರನ್ನು ಬೈಯುವುದು ಯಾಕೆ?

ಸುಮ್ನೆಬಂದೆ:
ನಮ್ಮ ಸ್ಪರ್ಧೆಯಲ್ಲಿ ಕೊನೆಯ ಎರಡು ವಾರ ಹಬ್ಬ. ಹಿಂದೆ ಬಿದ್ದವರೆಲ್ಲ ಕಣ್ಣು ಮುಚ್ಚಿ ಆಪ್ಶನ್ಸ್, ಅಂದರೆ ಗೊತ್ತಾದ ಬೆಲೆಗೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕು, ಕೊಂಡರು. ಆಪ್ಶನ್ ಅಂದರೆ ಏನು ಅಂತ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಚಾಕ್‌ಪುಡಿ:
ನಾನು ಪಾಠ ಮಾಡುವವನು, ಬಹಳ ಕಾಲದಿಂದ ತರಗತಿಯಲ್ಲಿ ಇದನ್ನು ನಡೆಸುತ್ತಿದ್ದೇನೆ. ಬಹುಮಾನ ತೆಗೆದುಹಾಕಿದೆ. ಈಗ ಅಂಕ ಕೊಡುವುದು ಡೈರಿಗೆ. ಆರ್ಡರ್ ಹಾಕುವ ಮೊದಲು ಎರಡು ಸಾಲು ಬರೆಯಬೇಕು. ಒಂದು, ಇದನ್ನು ಯಾಕೆ ಕೊಳ್ಳುತ್ತಿದ್ದೇನೆ. ಎರಡು, ಏನಾದರೆ ಮಾರುತ್ತೇನೆ. ಬರೆದ ಮೇಲೆ ತಿದ್ದುವಂತಿಲ್ಲ. ತಾರೀಕು, ಸಮಯ ಕಡ್ಡಾಯ.

ಮೊದಲ ವಾರದ ಡೈರಿಗಳನ್ನು ನೀವು ಓದಬೇಕು. ‘ಕಾರಣ: ಎಲ್ಲರೂ ಕೊಳ್ಳುತ್ತಿದ್ದಾರೆ. ಯಾವಾಗ ಮಾರುತ್ತೇನೆ: ಲಾಭ ಬಂದಾಗ.’ ಇದನ್ನೇ ಹತ್ತಾರು ಜನ ಬರೆದಿರುತ್ತಾರೆ. ಒಬ್ಬಳು ಮಾತ್ರ ಹೀಗೆ ಬರೆದಿದ್ದಳು: ‘ಸಾಲ ಕಡಿಮೆ ಮಾಡುತ್ತೇವೆ ಅಂತ ಕಂಪನಿ ಹೇಳಿದೆ. ಮುಂದಿನ ತ್ರೈಮಾಸಿಕದಲ್ಲಿ ಸಾಲ ಇಳಿಯದಿದ್ದರೆ ಬೆಲೆ ಏನೇ ಇದ್ದರೂ ಮಾರುತ್ತೇನೆ.’ ಫಲಿತಾಂಶ ಬಂತು, ಸಾಲ ಇಳಿದಿರಲಿಲ್ಲ. ಬೆಲೆ ಮಾತ್ರ ಏರಿತ್ತು. ಅವಳು ಅವತ್ತೇ ಮಾರಿದಳು. ಆಮೇಲೂ ಆ ಶೇರು ಏರುತ್ತಲೇ ಹೋಯಿತು, ಗೆಳತಿಯರು ಅವಳನ್ನು ಆಡಿಕೊಂಡರು. ನಾನು ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಇದರ ಮೇಲೆ ತರಗತಿಯಲ್ಲಿ ಒಂದು ಗಂಟೆ ಜಗಳ ಆಯಿತು.

ಮಿಂಚುಹುಳ:
ಸಾರ್, ಅದು ಅನ್ಯಾಯ ಅಲ್ವಾ? ದುಡ್ಡು ಬಿಟ್ಟುಕೊಟ್ಟವಳಿಗೆ ಪೂರ್ತಿ ಅಂಕ?

ಚಾಕ್‌ಪುಡಿ:
ಆ ಜಗಳದಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಅವಳ ಊಹೆ ತಪ್ಪಾಯಿತು, ಅವಳು ಅದನ್ನು ಗುರುತಿಸಿದಳು. ಬೆಲೆ ಏರಿದ್ದು ಬೇರೆ ಯಾವುದೋ ಕಾರಣಕ್ಕೆ. ಆ ಕಾರಣ ಅವಳಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ಅವಳು ದುಡ್ಡು ಕಟ್ಟಲಿಲ್ಲ. ನಾನು ಅಂಕ ಕೊಡುವುದು ಅದಕ್ಕೆ.

ಡಬ್ಬಲ್‌ಧಮಾಕ:
ಇವೆಲ್ಲ ಸರಿ ಸಾರ್, ಆದರೆ ನಕಲಿ ದುಡ್ಡಿನಲ್ಲಿ ಕಲಿಯುವುದು ದಡದಲ್ಲಿ ಕೂತು ಈಜು ಕಲಿತ ಹಾಗೆ. ಹತ್ತು ಲಕ್ಷ ಅರ್ಧ ಆದರೂ ರಾತ್ರಿ ನಿದ್ದೆ ಬರುತ್ತದೆ. ನಿಜವಾದ ದುಡ್ಡು ಹಾಕಿ, ಅದು ಸ್ವಲ್ಪ ಇಳಿಯಲಿ. ಸ್ನಾನದ ಮನೆಗೂ ಫೋನ್ ಹಿಡಿದುಕೊಂಡು ಹೋಗುತ್ತೀರಿ. ಕಲಿಯಬೇಕಾದ್ದು ಆ ಹೆದರಿಕೆಯನ್ನು. ಅದು ಇದರಲ್ಲಿ ಇಲ್ಲ.

ಹಳೇಕೊಡೆ:
ಹೆದರಿಕೆ ಇಲ್ಲ ಅನ್ನುವುದು ಅರ್ಧ ಸತ್ಯ. ದುಡ್ಡಿನ ಹೆದರಿಕೆ ಇಲ್ಲ, ಮರ್ಯಾದೆಯ ಹೆದರಿಕೆ ಇದೆ. ರ‍್ಯಾಂಕ್ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ನಮ್ಮ ತಂಡದ ಹುಡುಗನೊಬ್ಬ ಲಾಸಿನಲ್ಲಿದ್ದ ಶೇರನ್ನು ಕೊನೆಯ ದಿನದವರೆಗೂ ಮಾರಲು ಬಿಡಲಿಲ್ಲ. ‘ಮಾರಿದರೆ ಲಾಸ್ ಪಕ್ಕಾ ಆಗಿಬಿಡುತ್ತೆ’ ಅನ್ನುತ್ತಿದ್ದ. ಲಾಭದಲ್ಲಿದ್ದದ್ದನ್ನು ಮಾತ್ರ ಎರಡೇ ದಿನಕ್ಕೆ ಮಾರಿಬಿಟ್ಟ. ದುಡ್ಡು ಸುಳ್ಳು ಅಂತ ಗೊತ್ತಿದ್ದೂ ಹೀಗೆ!

ಪಠ್ಯೇತರ:
ಅದಕ್ಕೆ ಡಿಸ್ಪೊಸಿಶನ್ ಎಫೆಕ್ಟ್ ಅನ್ನುತ್ತಾರೆ. ಶೆಫ್ರಿನ್ ಮತ್ತು ಸ್ಟಾಟ್‌ಮನ್ 1985ರಲ್ಲಿ ಬರೆದದ್ದು. ಗೆದ್ದದ್ದನ್ನು ಬೇಗ ಮಾರುವುದು, ಸೋತದ್ದನ್ನು ತಬ್ಬಿಕೊಂಡು ಕೂರುವುದು. ಅದರ ಬೇರು ಕಾನಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ಹೇಳಿದ್ದರಲ್ಲಿದೆ. ಅಷ್ಟೇ ಮೊತ್ತದ ಲಾಭ ಕೊಡುವ ಖುಷಿಗಿಂತ ಲಾಸ್ ಕೊಡುವ ನೋವು ಜಾಸ್ತಿ. ಆಮೇಲೆ 1998ರಲ್ಲಿ ಓಡಿಯನ್ ಒಂದು ಬ್ರೋಕರ್ ಸಂಸ್ಥೆಯ 10,000 ಖಾತೆಗಳ ವಹಿವಾಟು ತೆಗೆದು ನೋಡಿ, ನಿಜವಾದ ದುಡ್ಡಿನಲ್ಲೂ ಜನ ಇದನ್ನೇ ಮಾಡುತ್ತಾರೆ ಅಂತ ತೋರಿಸಿದರು. ನಕಲಿ ದುಡ್ಡಿನಲ್ಲೇ ಈ ಚಟ ಕಾಣಿಸಿಕೊಂಡರೆ ಒಳ್ಳೆಯದೇ, ಪುಕ್ಕಟೆ ತಪಾಸಣೆ.

ಡಬ್ಬಲ್‌ಧಮಾಕ:
ತಪಾಸಣೆ ಆಯಿತು, ಔಷಧ?

ಪಠ್ಯೇತರ:
‘ಈ ಶೇರು ಇವತ್ತು ನನ್ನ ಹತ್ತಿರ ಇಲ್ಲದಿದ್ದರೆ, ಇವತ್ತಿನ ಬೆಲೆಗೆ ಕೊಳ್ಳುತ್ತಿದ್ದೆನಾ?’ ಈ ಪ್ರಶ್ನೆ ಕೇಳಿಕೊಳ್ಳುವುದು. ಇಲ್ಲ ಅನ್ನಿಸಿದರೆ ಮಾರುವುದು. ಹೇಳುವುದು ಸುಲಭ, ಗೊತ್ತು.

ಬಡ್ಡಿಮಗು:
ನಮ್ಮ ತಂಡದಲ್ಲಿ ಒಬ್ಬ ‘ಆವರೇಜ್ ಮಾಡೋಣ, ಆವರೇಜ್ ಮಾಡೋಣ’ ಅಂತ ಇಳಿಯುತ್ತಿದ್ದ ಶೇರನ್ನೇ ಮತ್ತೆ ಮತ್ತೆ ಕೊಳ್ಳುತ್ತಿದ್ದ. ಪಾಸ್‌ವರ್ಡ್ ಅವನ ಹತ್ತಿರ ಮಾತ್ರ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ನಗದು ಖಾಲಿ. ನಾನು ಕಲಿತ ಪಾಠ: ಪಾಸ್‌ವರ್ಡ್ ಮೂವರ ಹತ್ತಿರವೂ ಇರಲಿ.

ಸುಮ್ನೆಬಂದೆ:
ಗುಂಪಿನ ಕೆಲಸ ಅಂದರೆ ಒಬ್ಬ ಆಡುತ್ತಾನೆ, ಇಬ್ಬರು ಫೋಟೋಗೆ ಬರುತ್ತಾರೆ.

ಕೊನೆಬೆಂಚು:
ಹಹಹ, ನಮ್ಮಲ್ಲೂ ಅಷ್ಟೇ.

ಟಿಕ್‌ಟಿಕ್:
ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ, ಬೈಯಬೇಡಿ. ನಮ್ಮ ಸಿಮ್ಯುಲೇಶನ್‌ನಲ್ಲಿ ಬೆಲೆ 15 ನಿಮಿಷ ತಡವಾಗಿ ಬರುತ್ತಿತ್ತು. ಹಾಕಿದ ಆರ್ಡರ್ ಮಾತ್ರ ಪರದೆಯ ಮೇಲಿನ ಹಳೇ ಬೆಲೆಗೇ ಆಗುತ್ತಿತ್ತು. ಗೊತ್ತಾಯಿತಲ್ಲ? ಇನ್ನೊಂದು ಕಿಟಕಿಯಲ್ಲಿ ತಾಜಾ ಬೆಲೆ ತೆರೆದಿಟ್ಟು, ಯಾವುದು ಆಗಲೇ ಏರಿದೆಯೋ ಅದನ್ನು ಹಳೇ ಬೆಲೆಗೆ ಕೊಂಡರೆ ಆಯಿತು. ಹದಿನೈದು ನಿಮಿಷ ಬಿಟ್ಟು ಮಾರುವುದು. ಎರಡು ತಂಡ ಇದನ್ನೇ ಮಾಡಿ ಮೊದಲ ಮೂರರಲ್ಲಿ ಬಂದವು. ಕಂಪನಿಯ ಹೆಸರು ಪೂರ್ತಿ ಓದುವ ಕಷ್ಟವನ್ನೂ ಅವರು ತಗೊಂಡಿರಲಿಲ್ಲ.

ಗುಣಾಕಾರ:
ಅದು ಮೋಸ.

ಟಿಕ್‌ಟಿಕ್:
ನಿಯಮದಲ್ಲಿ ಎಲ್ಲೂ ಬೇಡ ಅಂತ ಇರಲಿಲ್ಲ. ಮತ್ತೆ ಮಿಂಚುಹುಳ ಅಕ್ಕನ ವಾದಕ್ಕೇ ಬಂದೆವು.

ಮಿಂಚುಹುಳ:
ನನ್ನನ್ನು ಇದರಲ್ಲಿ ಎಳೆಯಬೇಡ ಮಾರಾಯ. ರಿಸ್ಕ್ ತಗೊಳ್ಳೋದು ಬೇರೆ, ತೂತು ಹುಡುಕೋದು ಬೇರೆ.

ಹಳೇಕೊಡೆ:
ತೂತು ಅಂದಿರಿ ಅಂತ ನೆನಪಾಯಿತು. ಕೊನೆಬೆಂಚು, ಗೆದ್ದ ತಂಡದ ಆ ಪುಟ್ಟ ಕಂಪನಿಯ ಶೇರು ದಿನಕ್ಕೆ ಎಷ್ಟು ಕೈ ಬದಲಾಯಿಸುತ್ತದೆ ಅಂತ ನೋಡಿದ್ದೀರಾ? ಸಿಮ್ಯುಲೇಶನ್ ಎಷ್ಟು ಕೇಳಿದರೂ ಕೊನೆಯ ಬೆಲೆಗೆ ಕೊಡುತ್ತದೆ. ನಿಜದಲ್ಲಿ ದಿನಕ್ಕೆ ಎಂಟು ಸಾವಿರ ಶೇರು ಓಡಾಡುವ ಕಡೆ ಐವತ್ತು ಸಾವಿರ ಕೊಳ್ಳಲು ಹೋದರೆ ಏನಾಗುತ್ತದೆ? ಮೊದಲ ಕೆಲವು ನೂರು ಈ ಬೆಲೆಗೆ ಸಿಗುತ್ತವೆ, ಮುಂದಿನವು ಇನ್ನೂ ಜಾಸ್ತಿಗೆ, ಅದರ ಮುಂದಿನವು ಇನ್ನೂ ಜಾಸ್ತಿಗೆ. ನೀವೇ ಬೆಲೆ ಏರಿಸಿಕೊಂಡು ಕೊಳ್ಳುತ್ತೀರಿ. ಮಾರುವಾಗ ಉಲ್ಟಾ, ನೀವೇ ಬೀಳಿಸಿಕೊಂಡು ಮಾರುತ್ತೀರಿ. ಪರದೆ ಮೇಲಿನ ಲಾಭದಲ್ಲಿ ಕೈಗೆ ಎಷ್ಟು ಬರುತ್ತಿತ್ತೋ ದೇವರಿಗೇ ಗೊತ್ತು.

ಕೊನೆಬೆಂಚು:
ಈ ಲೆಕ್ಕ ನಾವು ಮಾಡಿಯೇ ಇಲ್ಲ. ಇವತ್ತು ನೋಡುತ್ತೇನೆ.

ಬಡ್ಡಿಮಗು:
ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಅಂತ ಮೊದಲೇ ಹಾಕಿಡುವ ಸ್ಟಾಪ್ ಲಾಸ್ ಆರ್ಡರಿನ ಕಥೆಯೂ ಹೀಗೇ. ನಮ್ಮ ಸಿಮ್ಯುಲೇಶನ್‌ನಲ್ಲಿ 90ಕ್ಕೆ ಸ್ಟಾಪ್ ಲಾಸ್ ಇಟ್ಟರೆ ಸರಿಯಾಗಿ 90ಕ್ಕೇ ಮಾರಾಟ. ಬೆಳಿಗ್ಗೆ ಮಾರುಕಟ್ಟೆ 80ಕ್ಕೇ ತೆರೆದರೂ 90 ಕೊಡುತ್ತಿತ್ತು! ನಿಜದಲ್ಲಿ 90 ಮುಟ್ಟಿದರೆ ಆರ್ಡರ್ ಹೊರಡುತ್ತದೆ ಅಷ್ಟೇ, ಎದುರು ಯಾರು ಎಷ್ಟಕ್ಕೆ ಕೊಳ್ಳಲು ನಿಂತಿದ್ದಾರೋ ಅದೇ ಬೆಲೆ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ 22.6 ಶೇಕಡ ಬಿತ್ತು. ಅವತ್ತು ಸ್ಟಾಪ್ ಲಾಸ್ ನಂಬಿಕೊಂಡು ಕೂತವರಿಗೆ ಅಂದುಕೊಂಡ ಬೆಲೆ ಎಲ್ಲಿ ಸಿಗಬೇಕು?

ಅರ್ಧಚಂದ್ರ:
ಶಾರ್ಟ್ ಸೆಲ್ಲಿಂಗ್, ಅಂದರೆ ಶೇರು ಎರವಲು ತಂದು ಮಾರಿ, ಬೆಲೆ ಬಿದ್ದ ಮೇಲೆ ಕೊಂಡು ಹಿಂದಿರುಗಿಸುವುದು, ಬಿಟ್ಟಿದ್ದರಾ ನಿಮ್ಮಲ್ಲಿ? ನಮ್ಮಲ್ಲಿ ಬಿಟ್ಟಿದ್ದರು. ಶೇರು ಎರವಲು ತರುವ ಬಡ್ಡಿ ಇಲ್ಲ, ನಷ್ಟ ಬೆಳೆದಾಗ ಇನ್ನಷ್ಟು ದುಡ್ಡು ಕಟ್ಟು ಅನ್ನುವ ಮಾರ್ಜಿನ್ ಕಾಲ್ ಇಲ್ಲ. 2021ರ ಜನವರಿಯಲ್ಲಿ ಅಮೆರಿಕದ ಗೇಮ್‌ಸ್ಟಾಪ್ ಕಂಪನಿಯ ಶೇರು ಹುಚ್ಚಾಪಟ್ಟೆ ಏರಿದಾಗ ಒಂದು ತಂಡ ‘ಇದು ಬಿದ್ದೇ ಬೀಳುತ್ತೆ’ ಅಂತ ಶಾರ್ಟ್ ಮಾಡಿತ್ತು. ಮೂರು ದಿನದಲ್ಲಿ ಅವರ ಖಾತೆ ಮೈನಸ್ಸಿಗೆ ಹೋಯಿತು. ಮೈನಸ್ ಅಂದರೆ ಇದ್ದದ್ದು ಹೋಗಿ, ಸಾಲ ಬಾಕಿ. ಆಮೇಲೆ ಫೆಬ್ರವರಿಯಲ್ಲಿ ಅದು ನಿಜಕ್ಕೂ ಬಿತ್ತು, ಇವರ ಖಾತೆ ತಾನಾಗೇ ಸರಿಹೋಯಿತು, ಲಾಭ ಕೂಡ ಬಂತು. ‘ನಾವು ಹೇಳಿದ್ದು ಸರಿ ಇತ್ತು’ ಅಂತ ಇವತ್ತಿಗೂ ಹೇಳಿಕೊಂಡು ಓಡಾಡುತ್ತಾರೆ. ನಿಜದ ಬ್ರೋಕರ್ ಆಗಿದ್ದರೆ ಮೊದಲ ದಿನವೇ ಬಲವಂತವಾಗಿ ಲೆಕ್ಕ ಮುಗಿಸಿ, ಬಾಕಿ ಕಟ್ಟು ಅನ್ನುತ್ತಿದ್ದ.

ಪಠ್ಯೇತರ:
ಕೊಂಡರೆ ಹೆಚ್ಚೆಂದರೆ ಹಾಕಿದ್ದು ಹೋಗುತ್ತದೆ. ಶಾರ್ಟ್ ಮಾಡಿದರೆ ನಷ್ಟಕ್ಕೆ ಮಿತಿಯೇ ಇಲ್ಲ. ಇದನ್ನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದವರೂ ಮೈನಸ್ ಅಂಕಿ ನೋಡಿದಾಗಲೇ ನಂಬೋದು.

ಡಬ್ಬಲ್‌ಧಮಾಕ:
ಎಲ್ಲರೂ ಸೇರಿ ನನ್ನ ಮಾತನ್ನೇ ಸಾಬೀತು ಮಾಡುತ್ತಿದ್ದೀರಿ. ಬೆಲೆ ತಡ, ಆರ್ಡರ್ ಸುಳ್ಳು, ಸ್ಟಾಪ್ ಲಾಸ್ ಸುಳ್ಳು, ಶಾರ್ಟ್ ಸುಳ್ಳು. ಮುಚ್ಚಿಬಿಡಿ.

ಚಾಕ್‌ಪುಡಿ:
ಮುಚ್ಚಬೇಡಿ. ಎಲ್ಲೆಲ್ಲಿ ಸುಳ್ಳು ಅಂತ ಹುಡುಗರೇ ಪಟ್ಟಿ ಮಾಡಲಿ. ನಾನು ಕೊನೆಯ ವಾರ ಕೊಡುವ ಕೆಲಸವೇ ಅದು: ‘ನಿಮ್ಮ ಲಾಭದಲ್ಲಿ ಎಷ್ಟು ಭಾಗ ನಿಜದ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ, ಯಾಕೆ?’ ಬ್ರೋಕರೇಜ್ ಕಳೆಯಿರಿ, ತೆರಿಗೆ ಕಳೆಯಿರಿ, ಕೊಳ್ಳುವ ಮತ್ತು ಮಾರುವ ಬೆಲೆಯ ನಡುವಿನ ಅಂತರ ಕಳೆಯಿರಿ. ಇಷ್ಟು ಮಾಡುವಾಗ ಎಷ್ಟೋ ತಂಡಗಳ ಲಾಭ ಕರಗಿ ಹೋಗುತ್ತದೆ. ಮುಖ ನೋಡಬೇಕು ಅವರದ್ದು.

ಗುಣಾಕಾರ:
ಖರ್ಚಿನ ಲೆಕ್ಕ ಬಂತು ಅಂತ ಹೇಳುತ್ತೇನೆ. ಕೊಳ್ಳಲು ಅರ್ಧ ಶೇಕಡ, ಮಾರಲು ಅರ್ಧ ಶೇಕಡ ಖರ್ಚು ಅಂತ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಪೂರ್ತಿ ಪೋರ್ಟ್‌ಫೋಲಿಯೋ ಬದಲಾಯಿಸಿದರೆ ಹತ್ತು ವಾರಕ್ಕೆ ಹತ್ತಿರ ಹತ್ತಿರ 9.5 ಶೇಕಡ ಖರ್ಚಿಗೇ ಹೋಯಿತು. ಶೇರು ಏರಲಿ ಬಿಡಲಿ. ಸಿಮ್ಯುಲೇಶನ್‌ನಲ್ಲಿ ಖರ್ಚು ಸೊನ್ನೆ ಇಟ್ಟರೆ ಹುಡುಗರಿಗೆ ಬೆರಳು ಒತ್ತುವ ಚಟ ಹತ್ತುತ್ತದೆ.

ಸುಮ್ನೆಬಂದೆ:
ನಮ್ಮಲ್ಲಿ ಇನ್ನೂ ಮಜಾ. ‘ವಾರಕ್ಕೆ ಕನಿಷ್ಠ ಐದು ವಹಿವಾಟು ಮಾಡಲೇಬೇಕು, ಇಲ್ಲವಾದರೆ ಅನರ್ಹ’ ಅಂತ ನಿಯಮ. ಸುಮ್ಮನೆ ಕೂರಬೇಕು ಅನ್ನಿಸಿದರೂ ಕೂರುವಂತಿಲ್ಲ. ಶುಕ್ರವಾರ ಸಂಜೆ ಎಲ್ಲರೂ ಒಂದೊಂದೇ ಶೇರು ಕೊಂಡು ಮಾರಿ ಕೊಂಡು ಮಾರಿ ಲೆಕ್ಕ ತುಂಬಿಸುತ್ತಿದ್ದರು.

ಬಡ್ಡಿಮಗು:
ಬಾರ್ಬರ್ ಮತ್ತು ಓಡಿಯನ್ ಇದನ್ನೇ ಹೇಳಿದ್ದಲ್ವಾ? ಜಾಸ್ತಿ ವಹಿವಾಟು ಮಾಡಿದವರು ವರ್ಷಕ್ಕೆ 11.4 ಶೇಕಡ ಕಳೆದುಕೊಂಡರು ಅಂತ.

ಪಠ್ಯೇತರ:
ಕಳೆದುಕೊಂಡಿಲ್ಲ, ಗಳಿಸಿದ್ದು 11.4. ಅದು 2000ದ ಪ್ರಬಂಧ. 1991ರಿಂದ 1996ರವರೆಗೆ ಒಂದು ಡಿಸ್ಕೌಂಟ್ ಬ್ರೋಕರ್ ಹತ್ತಿರ ಖಾತೆ ಇದ್ದ 66,465 ಅಮೆರಿಕನ್ ಕುಟುಂಬಗಳ ಲೆಕ್ಕ. ಅತಿ ಹೆಚ್ಚು ವಹಿವಾಟು ಮಾಡಿದವರಿಗೆ ವರ್ಷಕ್ಕೆ 11.4 ಶೇಕಡ ಬಂತು, ಅದೇ ಕಾಲದಲ್ಲಿ ಮಾರುಕಟ್ಟೆ 17.9 ಶೇಕಡ ಕೊಟ್ಟಿತ್ತು. 11.4 ಬಂದವನು ಖುಷಿಯಾಗೇ ಇರುತ್ತಾನೆ. ಪಕ್ಕದಲ್ಲಿ 17.9 ಇಟ್ಟು ತೋರಿಸಿದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಬಡ್ಡಿಮಗು:
ಸರಿ ಸರಿ, ಧನ್ಯವಾದ.

ಮಿಂಚುಹುಳ:
ಅದೇ ಇಬ್ಬರು 2001ರಲ್ಲಿ ಇನ್ನೊಂದು ಬರೆದಿದ್ದಾರೆ, ಅದನ್ನು ಯಾರೂ ಹೇಳುವುದಿಲ್ಲ. ಗಂಡಸರು ಹೆಂಗಸರಿಗಿಂತ 45 ಶೇಕಡ ಜಾಸ್ತಿ ವಹಿವಾಟು ಮಾಡುತ್ತಾರೆ. ಆ ವಹಿವಾಟಿನಿಂದಲೇ ಗಂಡಸರ ಗಳಿಕೆ ವರ್ಷಕ್ಕೆ 2.65 ಶೇಕಡಾಂಶ ಕಡಿಮೆಯಾಗುತ್ತದೆ, ಹೆಂಗಸರದ್ದು 1.72. ಸುಮ್ನೆ ಹೇಳಿದೆ.

ಸುಮ್ನೆಬಂದೆ:
ಎರಡು ಶೇರಿನಲ್ಲಿ ಎಲ್ಲ ದುಡ್ಡು ಹಾಕಿದ್ದು ಯಾರು ಅಕ್ಕಾ?

ಮಿಂಚುಹುಳ:
ಹಾಕಿ ಹತ್ತು ವಾರ ಮುಟ್ಟಲಿಲ್ಲ. ವಹಿವಾಟು ಎರಡೇ. ಲೆಕ್ಕ ಸರಿ ಇದೆ ನೋಡಿ.

ಗುಣಾಕಾರ:
ಇದಕ್ಕೆ ಉತ್ತರ ಇಲ್ಲ.

ಮೂಲೆಮನೆ:
ತಡವಾಗಿ ಬಂದೆ. ಪಠ್ಯೇತರ ಹೇಳಿದ 17.9ರ ಮಾತು ಬಹಳ ಮುಖ್ಯ. ಕೊನೆಬೆಂಚು, ನಿಮ್ಮ ಪಟ್ಟಿಯಲ್ಲಿ ಸೂಚ್ಯಂಕ ಇತ್ತಾ? ನಾವು ಒಂದು ಸುಳ್ಳು ತಂಡ ಸೇರಿಸಿದ್ದೆವು, ಮೊದಲ ದಿನ ಪೂರ್ತಿ ದುಡ್ಡಿಗೆ ಇಂಡೆಕ್ಸ್ ಫಂಡ್ (ಸೂಚ್ಯಂಕದಲ್ಲಿರುವ ಶೇರುಗಳನ್ನೇ ಇಟ್ಟುಕೊಳ್ಳುವ ಫಂಡ್) ಕೊಂಡು ಮಲಗುವ ತಂಡ. ಅದಕ್ಕೆ ‘ಕುಂಭಕರ್ಣ’ ಅಂತ ಹೆಸರು. ಕೊನೆಗೆ ಅರ್ಧಕ್ಕಿಂತ ಜಾಸ್ತಿ ತಂಡಗಳು ಕುಂಭಕರ್ಣನ ಕೆಳಗಿದ್ದವು. ದಿನಾ ರಾತ್ರಿ ಎರಡು ಗಂಟೆವರೆಗೆ ಚಾರ್ಟ್ ನೋಡಿದವರು ಮಲಗಿದವನಿಗೆ ಸೋತರು. ಯಾವ ಉಪನ್ಯಾಸವೂ ಅಷ್ಟು ಚೆನ್ನಾಗಿ ತಟ್ಟಲಿಲ್ಲ.

ಹಳೇಕೊಡೆ:
ಅದ್ಭುತ ಐಡಿಯಾ. ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನರಿಗೆ ಇಂಡೆಕ್ಸ್ ಫಂಡ್ ತಂದಾಗ ಸಂತೆಯಷ್ಟು ಜನ ನಕ್ಕಿದ್ದರು. ಹೂಡಿಕೆದಾರ ವಾರೆನ್ ಬಫೆಟ್ 2008ರಿಂದ 2017ರವರೆಗೆ ಹತ್ತು ವರ್ಷದ ಪಂದ್ಯ ಕಟ್ಟಿದ್ದೂ ಇದನ್ನೇ ತೋರಿಸಲು. ಆ ಕಡೆ ಸಿರಿವಂತರ ದುಡ್ಡು ಹೂಡುವ ಹೆಡ್ಜ್ ಫಂಡುಗಳ ಗುಂಪುಗಳು, ಈ ಕಡೆ ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕವಾದ ಎಸ್ ಅಂಡ್ ಪಿ 500ರ ಇಂಡೆಕ್ಸ್ ಫಂಡ್. ಕುಂಭಕರ್ಣನೇ ಗೆದ್ದ.

ಡಬ್ಬಲ್‌ಧಮಾಕ:
ಹಾಗಾದರೆ ಎಲ್ಲರೂ ಕುಂಭಕರ್ಣನಾಗಿ ಮಲಗಲಿ, ಸ್ಪರ್ಧೆ ಯಾಕೆ?

ಮೂಲೆಮನೆ:
ಮಲಗುವುದು ಎಷ್ಟು ಕಷ್ಟ ಅಂತ ಗೊತ್ತಾಗಲಿ ಅಂತ.

ಅರ್ಧಚಂದ್ರ:
ಒಂದು ಎಚ್ಚರಿಕೆ: ಡಿವಿಡೆಂಡ್, ಅಂದರೆ ಕಂಪನಿ ಶೇರುದಾರರಿಗೆ ಹಂಚುವ ಲಾಭ, ಸೇರಿಸಿ ಹೋಲಿಸಿ. ಕೆಲವು ಸಿಮ್ಯುಲೇಶನ್‌ಗಳು ಡಿವಿಡೆಂಡ್ ಹಾಕುವುದೇ ಇಲ್ಲ. ಸ್ಪ್ಲಿಟ್ ಕೂಡ. 2020ರ ಆಗಸ್ಟ್ ಕೊನೆಗೆ ಆ್ಯಪಲ್ ಒಂದು ಶೇರನ್ನು ನಾಲ್ಕು ಮಾಡಿತಲ್ಲ, ನಮ್ಮ ಸಿಮ್ಯುಲೇಶನ್ ಬೆಲೆ ಮಾತ್ರ ಬದಲಾಯಿಸಿತು, ಶೇರಿನ ಸಂಖ್ಯೆ ಬದಲಾಯಿಸಲಿಲ್ಲ. ಬೆಳಿಗ್ಗೆ ಎದ್ದರೆ 75 ಶೇಕಡ ಲಾಸ್. ತಂಡದ ಗೆಳೆಯ ಗಾಬರಿಯಲ್ಲಿ ಮಾರಿಯೇಬಿಟ್ಟ. ಸ್ಪ್ಲಿಟ್ ಅಂದರೇನು ಅಂತ ನಮ್ಮ ತಂಡ ಜನ್ಮದಲ್ಲಿ ಮರೆಯಲ್ಲ.

ಕೊನೆಬೆಂಚು:
ಅಯ್ಯೋ ಪಾಪ. ಮಾರಿದ್ದನ್ನು ವಾಪಸ್ ಮಾಡಿಸಲಿಲ್ಲವಾ?

ಅರ್ಧಚಂದ್ರ:
ನಡೆಸುವವರಿಗೆ ಬರೆದೆವು. ‘ಪರಿಶೀಲಿಸುತ್ತೇವೆ’ ಅಂದರು. ಇನ್ನೂ ಪರಿಶೀಲಿಸುತ್ತಿರಬೇಕು.

ಹೊಸಚಪ್ಪಲಿ:
ನಾನು ಈ ವರ್ಷ ಆಡಬೇಕು ಅಂತ ಇದ್ದೇನೆ. ಒಂದು ಡೌಟ್. ಹತ್ತು ಶೇರು ತಗೊಂಡರೆ ಸಾಕಾ, ರಿಸ್ಕ್ ಹಂಚಿಹೋಗುತ್ತಾ?

ಪಠ್ಯೇತರ:
ಎಷ್ಟು ಅನ್ನುವುದಕ್ಕಿಂತ ಯಾವುವು ಅನ್ನುವುದು ಮುಖ್ಯ ತಮ್ಮಾ. ಹತ್ತೂ ಬ್ಯಾಂಕ್ ಶೇರು ಆದರೆ ಬಡ್ಡಿ ದರದ ಒಂದು ಸುದ್ದಿಗೆ ಹತ್ತೂ ಒಟ್ಟಿಗೆ ಬೀಳುತ್ತವೆ. ಮಾರ್ಕೊವಿಟ್ಜ್ 1952ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಒಂದು ಶೇರು ತಾನೊಂದೇ ಎಷ್ಟು ಕುಣಿಯುತ್ತದೆ ಅನ್ನುವುದು ಸಾಲದು, ಉಳಿದವುಗಳ ಜೊತೆ ಒಂದೇ ತಾಳಕ್ಕೆ ಕುಣಿಯುತ್ತದಾ ಅಂತಲೂ ನೋಡಬೇಕು. 1990ರಲ್ಲಿ ನೊಬೆಲ್ ಬಂತು ಅವರಿಗೆ. ಸ್ಪ್ರೆಡ್‌ಶೀಟಿನಲ್ಲಿ ನಿನ್ನ ಶೇರುಗಳ ದಿನದಿನದ ಏರಿಳಿತ ಹಾಕಿ ಕೋರಿಲೇಶನ್ (ಎರಡು ಶೇರು ಎಷ್ಟು ಒಟ್ಟಿಗೆ ಕುಣಿಯುತ್ತವೆ ಅನ್ನುವ ಅಂಕಿ) ತೆಗೆದು ನೋಡು, ಅರ್ಧ ಗಂಟೆಯ ಕೆಲಸ. ಆದರೆ ದೊಡ್ಡ ಕುಸಿತದಲ್ಲಿ ಎಲ್ಲವೂ ಒಟ್ಟಿಗೆ ಬೀಳುತ್ತವೆ, ಅದು ಗೊತ್ತಿರಲಿ.

ಗುಣಾಕಾರ:
ಬೆಲೆ ಹಾಕಬೇಡ, ಶೇಕಡಾವಾರು ಬದಲಾವಣೆ ಹಾಕು. ಬೆಲೆ ಹಾಕಿದರೆ ಎಲ್ಲವೂ ಸಂಬಂಧ ಇದ್ದ ಹಾಗೆ ಕಾಣುತ್ತವೆ.

ಹೊಸಚಪ್ಪಲಿ:
ಧನ್ಯವಾದ ಅಣ್ಣಾ. ಇನ್ನೊಂದು. ಒಂದು ವಾರ 50 ಶೇಕಡ ಏರಿ, ಮುಂದಿನ ವಾರ 50 ಶೇಕಡ ಇಳಿದರೆ ಸಮ ಅಲ್ವಾ?

ಗುಣಾಕಾರ:
100 ಇದ್ದದ್ದು 150 ಆಯಿತು, ಅದರ ಅರ್ಧ 75. ಕಾಲು ಭಾಗ ಮಾಯ. 20 ಶೇಕಡ ಬಿದ್ದರೆ ಮೇಲೆ ಬರಲು 25 ಬೇಕು, 50 ಬಿದ್ದರೆ 100 ಬೇಕು. ಬೀಳುವುದು ಅಗ್ಗ, ಏಳುವುದು ದುಬಾರಿ.

ಮೂಲೆಮನೆ:
ಹತ್ತು ವಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಸೀನಿಯರ್‌ಗಳ ಸ್ಪರ್ಧೆ 2020ರ ಮಾರ್ಚ್ ಕೊನೆಯ ವಾರ ಮುಗಿಯಿತು. ಅಮೆರಿಕದ ಶೇರುಗಳು. ಫೆಬ್ರವರಿ 19ರಿಂದ ಮಾರ್ಚ್ 23ರವರೆಗೆ ಎಸ್ ಅಂಡ್ ಪಿ 500 ಸುಮಾರು 34 ಶೇಕಡ ಬಿದ್ದಿತ್ತು. ಗೆದ್ದದ್ದು ಯಾರು? ಜನವರಿಯಲ್ಲಿ ಲಾಗಿನ್ ಆಗಿ, ಏನೂ ಕೊಳ್ಳದೆ, ಪಾಸ್‌ವರ್ಡ್ ಮರೆತುಹೋದ ತಂಡ! ಪೂರ್ತಿ ನಗದು. ಅವರನ್ನು ‘ಕುಸಿತವನ್ನು ಮೊದಲೇ ಕಂಡವರು’ ಅಂತ ಹೊಗಳಿದರು. ಅದೇ ಸೂಚ್ಯಂಕ ಆಗಸ್ಟ್ 18ಕ್ಕೆ ಹಳೇ ಎತ್ತರ ದಾಟಿತು. ಸ್ಪರ್ಧೆ ಆಗಸ್ಟಿನಲ್ಲಿ ಮುಗಿದಿದ್ದರೆ ಅದೇ ತಂಡ ಪಟ್ಟಿಯ ತಳದ ಕಡೆ ಇರುತ್ತಿತ್ತು. ಜನ ಅದೇ, ತೀರ್ಮಾನ ಅದೇ, ಮುಗಿಯುವ ತಾರೀಕು ಮಾತ್ರ ಬೇರೆ.

ಚಾಕ್‌ಪುಡಿ:
ಇದನ್ನು ನನ್ನ ತರಗತಿಯಲ್ಲಿ ಹೇಳಬಹುದಾ? ತುಂಬಾ ಚೆನ್ನಾಗಿದೆ.

ಮೂಲೆಮನೆ:
ಧಾರಾಳವಾಗಿ ಹೇಳಿ ಸಾರ್.

ಕೊನೆಬೆಂಚು:
ಇಷ್ಟು ಓದಿದ ಮೇಲೆ ನಮ್ಮ ಕ್ಲಬ್ಬಿನ ಗೆಳೆಯರು ಹೇಳುತ್ತಿರುವುದು: ಒಟ್ಟು ಲಾಭದ ಬದಲು ಶಾರ್ಪ್ ರೇಶಿಯೋ ಮೇಲೆ ರ‍್ಯಾಂಕ್ ಕೊಡೋಣ ಅಂತ. ತಗೊಂಡ ರಿಸ್ಕಿಗೆ ಎಷ್ಟು ಗಳಿಸಿದರು ಅಂತ ತಿಳಿಯುತ್ತದೆ. ಸರಿ ತಾನೇ?

ಗುಣಾಕಾರ:
ಹತ್ತು ವಾರಕ್ಕೆ ಶಾರ್ಪ್ ರೇಶಿಯೋ? ವಿಲಿಯಂ ಶಾರ್ಪ್ 1966ರಲ್ಲಿ ಅದನ್ನು ಹೇಳಿದ್ದು ಮ್ಯೂಚುವಲ್ ಫಂಡುಗಳ ಹಲವು ವರ್ಷದ ಲೆಕ್ಕ ಇಟ್ಟುಕೊಂಡು. ಹತ್ತು ಅಂಕಿಯಲ್ಲಿ ಅದು ಬರೀ ಗದ್ದಲ. ಯಾರಿಗೋ ಎರಡು ಶಾಂತ ವಾರ ಸಿಕ್ಕಿದರೆ ಅವರೇ ಮೊದಲು. ಅದೃಷ್ಟವನ್ನೇ ಇನ್ನೊಂದು ಅಳತೆಯಲ್ಲಿ ಅಳೆದ ಹಾಗೆ.

ಮಿಂಚುಹುಳ:
ಆ ನಿಯಮ ಇಟ್ಟರೆ ನಾನು ಹೆಚ್ಚು ಅಲ್ಲಾಡದ ಶೇರು ತಗೊಂಡು ಕೂರುತ್ತೇನೆ. ಯಾವ ಅಂಕಿ ಇಟ್ಟರೂ ಅದನ್ನು ಆಡಲು ಯಾರೋ ಒಬ್ಬರು ಬರುತ್ತಾರೆ.

ಕೊನೆಬೆಂಚು:
ಮತ್ತೇನು ಮಾಡೋದು ಹೇಳಿ!

ಚಾಕ್‌ಪುಡಿ:
ಡೈರಿ. ಮತ್ತು ಡೈರಿಗೆ ಅಂಕ ಕೊಡುವವರಿಗೆ ಫಲಿತಾಂಶ ಗೊತ್ತಿರಬಾರದು. ಲಾಭ ಬಂತು ಅಂತ ಗೊತ್ತಾದರೆ ಎಂಥ ಕಾರಣವೂ ಜಾಣತನವಾಗಿ ಕಾಣುತ್ತದೆ. ನಾನು ಅಂಕ ಹಾಕಿ ಮುಗಿಸುವವರೆಗೆ ಖಾತೆ ತೆರೆಯುವುದಿಲ್ಲ.

ಮೂಲೆಮನೆ:
ಕುಂಭಕರ್ಣನನ್ನು ಸೇರಿಸಿ. ಒಂದೇ ಶೇರಿಗೆ ಇಂತಿಷ್ಟು ಶೇಕಡಕ್ಕಿಂತ ಜಾಸ್ತಿ ಹಾಕುವಂತಿಲ್ಲ ಅಂತ ಮಿತಿ ಇಡಿ. ದಿನಾ ರ‍್ಯಾಂಕ್ ತೋರಿಸಬೇಡಿ, ಕೊನೆಗೆ ಒಂದೇ ಸಲ ತೋರಿಸಿ. ಆಗ ಕೊನೆಯ ಎರಡು ವಾರದ ಹುಚ್ಚಾಟ ಇರಲ್ಲ.

ಹಳೇಕೊಡೆ:
ಕನಿಷ್ಠ ವಹಿವಾಟಿನ ನಿಯಮ ಯಾರು ಹೇಳಿದರೂ ಒಪ್ಪಬೇಡಿ. ನಿಜಕ್ಕೆ ಹತ್ತಿರದ ಬ್ರೋಕರೇಜ್ ಹಾಕಿ.

ಡಬ್ಬಲ್‌ಧಮಾಕ:
ರ‍್ಯಾಂಕ್ ಇಲ್ಲ, ಬಹುಮಾನ ಇಲ್ಲ, ಮೇಲಿಂದ ಡೈರಿ ಬರೆಯಬೇಕು. ಎಷ್ಟು ಜನ ಸೇರುತ್ತಾರೆ ನೋಡೋಣ. ಅರವತ್ತು ತಂಡ ಹೋಗಿ ಆರು ತಂಡ.

ಚಾಕ್‌ಪುಡಿ:
ಇದು ಮಾತ್ರ ನಿಜ. ನಮ್ಮಲ್ಲಿ ಅಂಕ ಇದೆ ಅಂತ ಬರೆಯುತ್ತಾರೆ. ಕ್ಲಬ್ಬಿನಲ್ಲಿ ಅಂಕ ಇಲ್ಲ.

ಮಿಂಚುಹುಳ:
ಎರಡೂ ಇಡಿ. ಲಾಭಕ್ಕೊಂದು ಚಿಕ್ಕ ಬಹುಮಾನ, ಅದೃಷ್ಟದ ಬಹುಮಾನ ಅಂತಲೇ ಹೆಸರಿಟ್ಟು. ಡೈರಿಗೆ ದೊಡ್ಡದು. ಗೆದ್ದವರು ಮತ್ತು ಕೊನೆಗೆ ಬಂದವರು ಇಬ್ಬರೂ ಎಲ್ಲರ ಮುಂದೆ ತಮ್ಮ ಡೈರಿ ಓದಬೇಕು. ನಮ್ಮ ತಂಡಕ್ಕೆ ಓದಲು ಹೇಳಿದ್ದರೆ ಒಂದೇ ಸಾಲು ಇರುತ್ತಿತ್ತು: ‘ಅತಿ ಹೆಚ್ಚು ಕುಣಿಯುವುದು ಇದೇ.’ ಓದಲು ನನಗೇನೂ ನಾಚಿಕೆ ಇರುತ್ತಿರಲಿಲ್ಲ.

ಕೊನೆಬೆಂಚು:
ಅದೃಷ್ಟದ ಬಹುಮಾನ ಹಿಡಿಸಿತು. ಹಳೇಕೊಡೆ ಕೇಳಿದ್ದನ್ನೂ ನೋಡಿದೆ. ಗೆದ್ದ ತಂಡ ಮೊದಲ ದಿನ ಕೊಂಡದ್ದು, ಆ ಶೇರು ನಿಜವಾದ ಮಾರುಕಟ್ಟೆಯಲ್ಲಿ ಇಡೀ ವಾರ ಕೈ ಬದಲಾಯಿಸಿದ್ದಕ್ಕಿಂತ ಜಾಸ್ತಿ! ಅವರ ತಂಡದವನಿಗೆ ಕಳಿಸಿದೆ. ‘ಈಗ ಬಹುಮಾನ ವಾಪಸ್ ಕೇಳ್ತೀರಾ?’ ಅಂತ ಉತ್ತರ ಬಂತು.

ಸುಮ್ನೆಬಂದೆ:
ಕೇಳಬೇಡಿ, ಖರ್ಚು ಮಾಡಿರುತ್ತಾರೆ.

ಹೊಸಚಪ್ಪಲಿ:
ಡೈರಿಯನ್ನು ಫೋನಿನಲ್ಲಿ ಬರೆದರೆ ಆಗುತ್ತಾ, ಪುಸ್ತಕದಲ್ಲೇ ಬರೆಯಬೇಕಾ?

ಚಾಕ್‌ಪುಡಿ:
ತಿದ್ದಿದರೆ ಗೊತ್ತಾಗುವ ಹಾಗಿದ್ದರೆ ಎಲ್ಲಿ ಬೇಕಾದರೂ ಬರಿ. ನಮ್ಮ ಹುಡುಗರು ಆರ್ಡರ್ ಹಾಕುವ ಮೊದಲು ಆ ಎರಡು ಸಾಲನ್ನು ನನಗೆ ಇಮೇಲ್ ಮಾಡುತ್ತಾರೆ. ತಾರೀಕು, ಸಮಯ ತಾನಾಗೇ ಬೀಳುತ್ತದೆ.